ಜೀಪಿನ ಕೆಳಗಿನ ಹೆಸರು

ಅರ್ಧ ಲಿಂಬೆಹಣ್ಣಿಗೆ ಉಪ್ಪು ಒತ್ತಿಕೊಂಡು ಸಾಕ್ಷಿ ಇನ್ನೊಂದು ಸಲ ತಿಕ್ಕಿದಳು. ರಸ ಮೊಣಕೈವರೆಗೆ ಹರಿದು ಬಂತು. ನಿನ್ನೆ ಆಟದಲ್ಲಿ ತರಚಿಕೊಂಡ ಜಾಗ ಚುರ್ ಅಂತು.

ಜೀಪಿನ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿ ತಿಕ್ಕುವುದೆಂದರೆ ಸುಲಭವಲ್ಲ. ಮೂಗಿನಿಂದ ಒಂದು ಗೇಣು ಮೇಲೆಯೇ ಜೀಪಿನ ಚಾಸಿ. ಚಾಸಿ ಅಂದರೆ ಇಡೀ ಗಾಡಿಯನ್ನು ಹೊತ್ತು ನಿಂತ ಎರಡು ಉದ್ದನೆಯ ಕಬ್ಬಿಣದ ತೊಲೆಗಳು. ಎಡಗಡೆಯ ತೊಲೆಗೆ ಅಂಗೈ ಅಗಲದ ಒಂದು ತಾಮ್ರದ ತಗಡನ್ನು ನಾಲ್ಕು ಬೋಲ್ಟು ಹಾಕಿ ಬಿಗಿದಿದ್ದರು. ಪ್ರತಿ ಅಮಾವಾಸ್ಯೆಗೆ ಅದನ್ನು ಬೆಳಗುವುದು ಸಾಕ್ಷಿಯ ಕೆಲಸ. ಆ ಸಂದಿಯಲ್ಲಿ ಹಿಡಿಸುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಆತೇನ ಕೂಸ?" ಹೊರಗಿನಿಂದ ಆಯಿ ಕೇಳಿದಳು. ಆಯಿ ಅಂದರೆ ಅಪ್ಪನ ತಾಯಿ, ಗುರವ್ವ. ಕೆಳಗಿನಿಂದ ನೋಡಿದರೆ ಅವಳ ಒಡೆದ ಹಿಮ್ಮಡಿ ಮತ್ತು ಸೀರೆಯ ಅಂಚು ಮಾತ್ರ ಕಾಣುತ್ತಿತ್ತು.

"ಹೆಸರ ಇನ್ನಾ ಕಾಣವಲ್ದು ಆಯಿ."

"ಕಾಣೂತನಕಾ ತಿಕ್ಕ. ಲಿಂಬಿ ಕೊಡ್ಲೇನ ಇನ್ನೊಂದ?"

ಲಿಂಬೆಗೇನು ಬರ! ಹೊರ್ತಿಯಲ್ಲಿ ಅವರದು ಲಿಂಬೆ ತೋಟದ ಮನೆ. ಬೇರೆಯವರು ಅಮಾವಾಸ್ಯೆಗೆ ಗಾಡಿಯ ಮುಂದೆ ಒಂದು ಲಿಂಬೆ ಕಟ್ಟಿದರೆ, ಆಯಿ ಬುಟ್ಟಿಯನ್ನೇ ತಂದು ಪಕ್ಕಕ್ಕಿಟ್ಟುಕೊಳ್ಳುತ್ತಿದ್ದಳು.

ಸಾಕ್ಷಿ ಮತ್ತೆ ತಿಕ್ಕಿದಳು. ಕಪ್ಪು ಕರಗಿ ಕೆಂಪು ಹೊಳಪು ಬಂತು. ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿ ಕೊಡುತ್ತಾರಲ್ಲ, ಹಾಗೆ.

ಗುರವ್ವ, ಮಸೂತಿ.

ಮಸೂತಿ ಆಯಿಯ ತವರು, ಬಸವನ ಬಾಗೇವಾಡಿ ಕಡೆ. ಮದುವೆಯಾದ ದಿನ ಅವಳು ಇದೇ ಜೀಪಿನಲ್ಲಿ ಕುಳಿತು ಹೊರ್ತಿಗೆ ಬಂದಿದ್ದಳು. ತೊಡೆಯ ಮೇಲೆ ತವರಿನ ತಾಮ್ರದ ಬಿಂದಿಗೆ ಇತ್ತಂತೆ. ಮುಂದೆ ಒಂದು ವರ್ಷ ಅವಳ ಗಂಡ ಬಸಂತರಾಯ ಮುತ್ಯಾ ಓಡಿಸುತ್ತಿದ್ದಾಗ ಜೀಪು ಡೋಣಿ ಹೊಳೆಯ ತಿರುವಿನಲ್ಲಿ ಹೊರಳಿಬಿತ್ತು. ಮುತ್ಯಾ ಮೈಗೆ ಮಣ್ಣು ಹತ್ತಿಸಿಕೊಂಡು ಎದ್ದು ಬಂದ. ಮಾರನೇ ದಿನವೇ ಆಯಿ ಆ ಬಿಂದಿಗೆಯನ್ನು ಕತ್ತರಿಸಿ, ಹೆಸರಿದ್ದ ತುಂಡನ್ನು ಜೀಪಿನ ಹೊಟ್ಟೆಗೆ ಹಚ್ಚಿಸಿದಳು. ಇದನ್ನೆಲ್ಲ ಆಯಿ ಹೇಳಿದ್ದು ಸಾಕ್ಷಿಗೆ ಮಾತ್ರ. ಹೆಸರು ಓದುತ್ತಿದ್ದವಳೂ ಅವಳೊಬ್ಬಳೇ.

"ಕಾಣ್ತು ಆಯಿ! ಫಳ ಫಳ ಅನ್ನಾಕತ್ತೈತಿ."

"ಅನ್ಲಿ. ಅದು ಹೊಳೀತಂದ್ರ ಗಾಡಿ ಕಾಯ್ತೈತಿ."

ಆಗ ಏನೋ ಪಟ್ ಎಂದು ಸಾಕ್ಷಿಯ ಕೆನ್ನೆ ಮೇಲೆ ಬಿತ್ತು. ಹಪ್ಪಳದಂಥ ಕೆಂಪು ಚೂರು. ತುಕ್ಕು. ಎಲ್ಲಿಂದ ಬಿತ್ತೆಂದು ಅವಳು ತಗಡಿನ ಅಂಚಿನ ಪಕ್ಕದಲ್ಲಿ ಬೆರಳಾಡಿಸಿದಳು. ಕಬ್ಬಿಣ ಮೆತ್ತಗಿತ್ತು. ಸ್ವಲ್ಪ ಒತ್ತಿದ್ದಷ್ಟೇ. ಬೆರಳು ಒಳಗೆ ಹೋಯಿತು.

"ಆಯಿ," ಅಂದಳು ಸಾಕ್ಷಿ. "ಅಪ್ಪನ್ನ ಕರಿ."

ಅಪ್ಪ ಸಿದ್ದಲಿಂಗನೂ ಇಂಡಿಯಿಂದ ಬಂದಿದ್ದ ಮೆಕ್ಯಾನಿಕ್ ಇಜಾಜ ಕಾಕಾನೂ ಆಗ ಇಂಜಿನ್ ಮುಂದೆ ಬಗ್ಗಿದ್ದರು. ಎಷ್ಟೋ ವರ್ಷ ಪತ್ರಾಸಿನ ಶೆಡ್ಡಿನಲ್ಲಿ ಧೂಳು ತಿಂದ ಜೀಪನ್ನು ಪಂಚಮಿಯೊಳಗೆ ರಸ್ತೆಗೆ ಇಳಿಸಬೇಕೆಂದು ಇಬ್ಬರೂ ಹಟ ಹಿಡಿದಿದ್ದರು. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಈ ಸಲ ಆಯಿ ಅದೇ ಜೀಪಿನಲ್ಲಿ ಮಸೂತಿಗೆ ಹೋಗುವುದೆಂದು ಮಾತಾಗಿತ್ತು.

ಇಜಾಜ ಕಾಕಾ ಜಾಕ್ ಹಚ್ಚಿ ಗಾಡಿ ಎತ್ತಿ, ಕೆಳಗೆ ನುಸುಳಿ ಸುತ್ತಿಗೆಯಿಂದ ಟಣ್ ಟಣ್ ಬಡಿದ. ತಗಡಿನ ಹತ್ತಿರ ಬಂದಾಗ ಟಣ್ ಹೋಗಿ ಬದ್ ಬದ್ ಅಂತು.

"ಸಿದ್ದಣ್ಣ, ಉಳಿದ ಚಾಸಿ ಕಲ್ಲಿದ್ದಂಗೈತಿ. ಈ ಒಂದ ಜಾಗ ಅಷ್ಟ ಹಾಳಾಗಿ ಹೋಗೇತಿ. ಹಿಂಗs ಓಡ್ಸಿದ್ರ ನಡುರಸ್ತ್ಯಾಗ ಮುರೀತೈತಿ."

"ಒಂದ ಜಾಗ ಅಷ್ಟ ಯಾಕ?"

"ಅಲ್ಲಾನ ಬಲ್ಲ. ಕತ್ತರಿಸಿ ಹೊಸಾ ಕಬ್ಬಣ ವೆಲ್ಡಿಂಗ್ ಮಾಡ್ತೇನಿ. ತಗಡ ತಗೀತೇನಿ ಅವ್ವಾರ, ಕೆಲಸ ಮುಗದ ಮ್ಯಾಲ ಮತ್ತ ಹಾಕೂಣ್ರಿ."

"ಮುಂದಿನ ಅಮಾಸಿಗಿ ಹಾಕ್ರಿ," ಅಂದಳು ಆಯಿ. ತಗಡನ್ನು ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದಳು.

*

ಮುಂದಿನ ವಾರ ಶಾಲೆಯಲ್ಲಿ ಯಾಸ್ಮಿನ ಟೀಚರ್ ವಿಜ್ಞಾನದ ಪಾಠಕ್ಕೆ ನಾಲ್ಕು ಲಿಂಬೆಹಣ್ಣು ತರಲು ಹೇಳಿದ್ದರು. ಸಾಕ್ಷಿಯ ತರಗತಿಯ ಕಾಂತು ಒಂದು ಚೀಲ ಹೊತ್ತು ತಂದ.

"ನಾಕ ಹೇಳಿದ್ನೆಪ್ಪಾ. ಸಾಲ್ಯಾಗ ಉಪ್ಪಿನಕಾಯಿ ಹಾಕೂದೈತೇನು?"

"ಉಳದಿದ್ದ ನಿಮ್ಮ ಮನೀಗಿ ಒಯ್ರಿ ಟೀಚರ್," ಅಂದ ಕಾಂತು. ಎಲ್ಲರೂ ನಕ್ಕರು.

ಟೀಚರ್ ಪ್ರತಿ ಲಿಂಬೆಗೆ ಒಂದು ಕಬ್ಬಿಣದ ಮೊಳೆ, ಒಂದು ತಾಮ್ರದ ತಂತಿ ಚುಚ್ಚಿದರು. ಒಂದು ಲಿಂಬೆಯ ಮೊಳೆಯನ್ನು ಇನ್ನೊಂದು ಲಿಂಬೆಯ ತಾಮ್ರಕ್ಕೆ ಜೋಡಿಸುತ್ತ ಹೋಗಿ, ಕೊನೆಯ ಎರಡು ತಂತಿಗಳನ್ನು ಒಂದು ಪುಟ್ಟ ಗಡಿಯಾರಕ್ಕೆ ಹಿಡಿದರು. ಸೆಲ್ ಇಲ್ಲದೆ ಗಡಿಯಾರದ ಅಂಕಿಗಳು ಮೂಡಿದವು. ಮಕ್ಕಳು ಹೋ ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಸಾಕ್ಷಿ.

ಶನಿವಾರ ಹಾಗೆಯೇ ಬಿಟ್ಟು ಹೋಗಿದ್ದನ್ನು ಸೋಮವಾರ ಬಂದು ಬಿಚ್ಚಿದರು. ತಾಮ್ರ ಹೊಸದರಂತಿತ್ತು. ಮೊಳೆಗಳು ಮಾತ್ರ ಕರ್ರಗಾಗಿ, ಅಲ್ಲಲ್ಲಿ ಇಲಿ ಕಡಿದಂತೆ ಸವೆದಿದ್ದವು.

"ಕರೆಂಟ್ ಪುಕ್ಕಟ ಬರೂದಿಲ್ಲ," ಅಂದರು ಟೀಚರ್. "ಬ್ಯಾರೆ ಬ್ಯಾರೆ ಜಾತಿ ಲೋಹ ಎರಡು ಒಂದಕ್ಕೊಂದು ಹತ್ತಿ ಕುಂತು, ಅವುಗಳ ಮ್ಯಾಲ ಹುಳಿ ನೀರರ ಉಪ್ಪು ನೀರರ ಬಿತ್ತಂದ್ರ ಒಂದು ಸವದು ಹೊಕ್ಕೈತಿ. ತಾಮ್ರ, ಕಬ್ಬಣ ಕೂಡಿದ್ರ ಸವಿಯೂದು ಕಬ್ಬಣ."

ಸಾಕ್ಷಿಯ ಕೈಯಲ್ಲಿದ್ದ ಮೊಳೆ ತಣ್ಣಗಿತ್ತು. ಹುಳಿ ನೀರು. ಉಪ್ಪು ನೀರು. ಅವಳು ಸವೆದ ಜಾಗದ ಮೇಲೆ ಬೆರಳಾಡಿಸಿದಳು.

"ಟೀಚರ್," ಅಂದಳು ಮೆಲ್ಲಗೆ. "ತಾಮ್ರದ ತಪ್ಪರಿ ಅದು?"

ಯಾಸ್ಮಿನ ಟೀಚರ್ ಅವಳನ್ನೇ ನೋಡಿದರು. "ತಪ್ಪು ಯಾರದೂ ಅಲ್ಲವಾ. ಇಬ್ಬರ ನಡುವ ಕರೆಂಟ್ ದಾಟಬಾರ್ದು, ಅಷ್ಟ. ನಮ್ಮ ಮನ್ಯಾಗಿನ ವೈರಿಗಿ ಮ್ಯಾಲ ಪ್ಲಾಸ್ಟಿಕ್ ಯಾಕ ಇರತೈತಿ ಹೇಳು?"

ಗಂಟೆ ಹೊಡೆಯಿತು. ಮಕ್ಕಳೆಲ್ಲ ಓಡಿದರು.

*

ಅಂದು ರಾತ್ರಿ ಊಟಕ್ಕೆ ಕುಳಿತಾಗ ಸಾಕ್ಷಿ ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಲಿಂಬೆ, ಮೊಳೆ, ತಂತಿ, ತಗಡು. ಹೇಳುವಾಗ ಅವಳಿಗೆ ಹೆಮ್ಮೆಯೂ ಇತ್ತು. ದೊಡ್ಡವರಿಗೆ ತಿಳಿಯದ್ದು ತನಗೆ ತಿಳಿದಿತ್ತಲ್ಲ.

"ಹಂಗಾರ ಆ ತಗಡs ತಿಂದೈತಿ ಚಾಸಿ!" ಅಪ್ಪ ರೊಟ್ಟಿ ಮುರಿಯುತ್ತ ನಕ್ಕ. "ಇನ್ನ ಬ್ಯಾಡಬೇ ಅದು. ಮೋಡ್ಕಾದವ್ನಿಗಿ ತೂಕಕ್ಕ ಹಾಕಿಬಿಡೂಣು."

ಅವ್ವ ವಿಜಯಲಕ್ಷ್ಮಿ ಪಲ್ಯ ಬಡಿಸುತ್ತಿದ್ದವಳು ಕೈ ನಿಲ್ಲಿಸಿದಳು. ಆಯಿಯ ಕಡೆ ನೋಡಿದಳು. ಅತ್ತೆಯ ಎದುರು ಅವ್ವ ಮಾತಾಡುವುದೇ ಕಡಿಮೆ. ಅವಳ ಮಾತೆಲ್ಲ ಹೊಲಿಗೆ ಮಷೀನಿನ ಜೊತೆ. ಸುತ್ತಲಿನ ಜೀಪು, ಟ್ರ್ಯಾಕ್ಟರುಗಳಿಗೆ ಅವಳು ರೆಕ್ಸಿನ್ನಿನ ಸೀಟ್ ಕವರ್ ಹೊಲಿಯುತ್ತಿದ್ದಳು.

ಆಯಿ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಸಣ್ಣ ಸಣ್ಣದಾಗಿ ಮುರಿದಳು. ಒಂದನ್ನೂ ಬಾಯಿಗಿಡಲಿಲ್ಲ.

"ಕಾಯ್ಲಿ ಅಂತ ಹಚ್ಚಿದ್ನಿ," ಅಂದಳು. "ಅದs ತಿಂತು."

ಮಾರನೇ ದಿನ ಆಯಿ ಮಸೂತಿಗೆ ಹೋಗಲೆಂದು ಟ್ರಂಕಿನಲ್ಲಿ ಇಟ್ಟಿದ್ದ ಹೊಸ ಸೀರೆಯನ್ನು ತೆಗೆದು ಮೇಲಿನ ಗೂಡಿಗೆ ಸೇರಿಸಿದಳು. ಪಂಚಮಿ ಉಂಡಿಗೆಂದು ಹುರಿದಿಟ್ಟ ಶೇಂಗಾವನ್ನು ಸಾಕ್ಷಿಯ ಮುಂದೆ ಸುರಿದಳು. "ತಿನ್ನ ಕೂಸ."

"ಮಸೂತಿಗಿ ಒಯ್ಯಾಕ ಬ್ಯಾಡೇನ ಆಯಿ?"

"ಪಂಚಮಿ ಹೊರ್ತ್ಯಾಗೂ ಐತಿ. ನನಗ ಮೊಣಕಾಲ ಬ್ಯಾನಿ. ಎಲ್ಲಿ ಹೋಗ್ಲಿ ನಾ?"

ಮೊಣಕಾಲು ನೋವು ಹೊಸದೇನೂ ಅಲ್ಲ. ನಿನ್ನೆಯವರೆಗೆ ಅದೇ ಮೊಣಕಾಲನ್ನು ಹಿಡಿದುಕೊಂಡೇ ಆಯಿ ದಿನಕ್ಕೆ ಹತ್ತು ಸಲ ಶೆಡ್ಡಿಗೆ ಹೋಗಿ, "ಎಲ್ಲಿಗಿ ಬಂತೋ ಇಜಾಜ?" ಎಂದು ಕೇಳಿ ಬರುತ್ತಿದ್ದಳು. ಇಂದು ಅತ್ತ ತಲೆಯನ್ನೂ ಹಾಕಲಿಲ್ಲ. ಇಜಾಜ ಕಾಕಾ ಹೊಸ ಕಬ್ಬಿಣ ಬೆಸೆದು ಕೆಂಪು ಬಣ್ಣ, ಅದರ ಮೇಲೆ ಕಪ್ಪು ಬಣ್ಣ ಹೊಡೆದು ಮುಗಿಸಿದ್ದ. ಚಾಸಿ ಗಟ್ಟಿಯಾಗಿತ್ತು. ಆದರೆ ಹೋಗಬೇಕಾದವಳೇ ಒಲ್ಲೆ ಅನ್ನುತ್ತಿದ್ದಳು.

ಸಾಕ್ಷಿ ಶೇಂಗಾ ತಿನ್ನಲಿಲ್ಲ. ಅವ್ವನ ಮಷೀನಿನ ಪಕ್ಕ ಹೋಗಿ ಕುಳಿತಳು.

"ಅವ್ವಾ, ನಾ ಹೇಳಬಾರ್ದಾಗಿತ್ತಾ?"

ಮಷೀನು ಕಟಕಟ ಓಡಿ ನಿಂತಿತು. "ಹೇಳ್ದಿದ್ರ ಗಾಡಿ ಮತ್ತ ತೂತ ಬೀಳ್ತಿತ್ತು."

"ಹೇಳಿದ್ದಕ್ಕ ಆಯಿಗಿ…"

"ಹೂಂ." ಅವ್ವ ದಾರ ಕಡಿದಳು. "ನಿಮ್ಮ ಟೀಚರ್ ಬರೇ ಸವೀತೈತಿ ಅಂದ್ರೇನು? ಸವೀದಂಗ ಏನ ಮಾಡಬೇಕಂತ ಹೇಳ್ಲಿಲ್ಲೇನು?"

ಸಾಕ್ಷಿಗೆ ವೈರಿನ ಮೇಲಿನ ಪ್ಲಾಸ್ಟಿಕ್ ನೆನಪಾಯಿತು. ಗಂಟೆ ಬಾರಿಸಿದ್ದರಿಂದ ಅದಕ್ಕೆ ಉತ್ತರ ಯಾರೂ ಹೇಳಿರಲಿಲ್ಲ. ಅವಳು ಕಾಲಬುಡದಲ್ಲಿ ಬಿದ್ದಿದ್ದ ರೆಕ್ಸಿನ್ ಚೂರೊಂದನ್ನು ಎತ್ತಿದಳು. "ನಡುವ ಇದನ್ನ ಇಟ್ರ?"

ಅವ್ವ ಚೂರನ್ನು ಹೊರಳಿಸಿ ತೋರಿಸಿದಳು. "ಇದರ ಹಿಂದ ಅರಿವಿ ಐತಿ ನೋಡು. ಅರಿವಿ ನೀರ ಕುಡೀತೈತಿ." ಎದ್ದು ಮೂಲೆಯಲ್ಲಿ ತೂಗುಹಾಕಿದ್ದ ಹಳೆಯ ಟ್ರ್ಯಾಕ್ಟರ್ ಟ್ಯೂಬನ್ನು ಎಳೆದಳು. ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು. "ರಬ್ಬರ ಕುಡಿಯೂದಿಲ್ಲ."

*

ನಾಗರ ಅಮಾವಾಸ್ಯೆಯ ದಿನ ಮುಂಜಾನೆ ಆಯಿ ಲಿಂಬೆಯ ಬುಟ್ಟಿ ಹೊರಗೆ ತರಲಿಲ್ಲ. ಸಾಕ್ಷಿಯೇ ಗೂಡಿನಿಂದ ತಗಡನ್ನು ತೆಗೆದು, ಬಚ್ಚಲಲ್ಲಿ ಕುಳಿತು ಲಿಂಬೆ, ಉಪ್ಪು ಹಾಕಿ ತಿಕ್ಕಿದಳು. ಕೊಡದ ನೀರಿನಲ್ಲಿ ಮೂರು ಸಲ ತೊಳೆದು, ಉಪ್ಪಿನ ಒಂದು ಕಣವೂ ಉಳಿಯದಂತೆ ಒರೆಸಿ, ಬಿಸಿಲಿಗಿಟ್ಟಳು.

ಶೆಡ್ಡಿನಲ್ಲಿ ಅಪ್ಪ, ಇಜಾಜ ಕಾಕಾ, ಅವ್ವ ಮೂವರೂ ಇದ್ದರು. ಅಪ್ಪ ಮೊದಲು ತಾನೇ ಕೆಳಗೆ ನುಸುಳಲು ಹೋಗಿ ಹೊಟ್ಟೆ ಸಿಕ್ಕಿಕೊಂಡು ಒದ್ದಾಡಿದ. ಇಜಾಜ ಕಾಕಾ ಕಾಲು ಹಿಡಿದು ಎಳೆದು ಹೊರಗೆ ಹಾಕಿದ. "ಸಿದ್ದಣ್ಣ, ನಿನ್ನ ಸಲುವಾಗಿ ಲಾರಿ ಚಾಸಿನ ಬೇಕು!"

ಸಾಕ್ಷಿ ಜೀಪಿನ ಕೆಳಗೆ ಹೋದಳು. ತಗಡಿಗಿಂತ ನಾಲ್ಕೂ ಕಡೆ ಒಂದು ಬೆರಳು ಹೆಚ್ಚಿಗೆ ಕತ್ತರಿಸಿದ ರಬ್ಬರನ್ನು ಚಾಸಿಗೆ ಹಚ್ಚಿ, ಮೇಲೆ ತಗಡನ್ನಿಟ್ಟು ನಾಲ್ಕು ಬೋಲ್ಟು ಬಿಗಿದಳು.

"ಈಗ ಟೆಸ್ಟ್," ಅಂದಳು. ಯಾಸ್ಮಿನ ಟೀಚರಿಂದ ಕೇಳಿ ತಂದಿದ್ದ ಎರಡು ಸೆಲ್ಲು, ಒಂದು ಬಲ್ಬು. ಒಂದು ತಂತಿಯನ್ನು ತಾಮ್ರಕ್ಕೆ, ಇನ್ನೊಂದನ್ನು ಬಣ್ಣ ಹೊಡೆಯದೆ ಬಿಟ್ಟಿದ್ದ ಚಾಸಿಯ ಒಂದು ತುದಿಗೆ ಹಿಡಿಯಬೇಕು. ಬಲ್ಬು ಹತ್ತಬಾರದು. ಹತ್ತಿತೆಂದರೆ ತಾಮ್ರವೂ ಕಬ್ಬಿಣವೂ ಇನ್ನೂ ಕೂಡಿಕೊಂಡೇ ಇವೆ ಎಂದರ್ಥ.

ಬಲ್ಬು ಹತ್ತಿತು.

"ರಬ್ಬರ ಐತೆಲ್ಲ ನಡುವ!" ಸಾಕ್ಷಿಗೆ ಅಳು ಬಂದಂತಾಯಿತು. ಮತ್ತೆ ಹಿಡಿದಳು. ಮತ್ತೆ ಹತ್ತಿತು. ಹಳದಿ ಬಣ್ಣದ ಪುಟ್ಟ ಬಲ್ಬು ಅವಳನ್ನು ನೋಡಿ ನಗುತ್ತಿದ್ದಂತಿತ್ತು.

"ಬಿಟ್ಟಬಿಡವ್ವಾ," ಅಂದ ಅಪ್ಪ. ಈ ಸಲ ಅವನ ದನಿಯಲ್ಲಿ ನಗು ಇರಲಿಲ್ಲ. "ಮಾಡೂಟು ಮಾಡೀದಿ."

ಸಾಕ್ಷಿ ಬಿಡಲಿಲ್ಲ. ಮಲಗಿಕೊಂಡೇ ತಗಡನ್ನು ನೋಡುತ್ತ ಹೋದಳು. ತಗಡು ರಬ್ಬರಿನ ಮೇಲಿದೆ. ರಬ್ಬರು ಚಾಸಿಯ ಮೇಲಿದೆ. ಎಲ್ಲೂ ಹತ್ತಿಲ್ಲ. ಹಾಗಾದರೆ ಕರೆಂಟು ಎಲ್ಲಿಂದ ದಾಟುತ್ತಿದೆ? ಅವಳ ಬೆರಳು ಬೋಲ್ಟಿನ ತಲೆಯ ಮೇಲೆ ಬಂದು ನಿಂತಿತು. ಬೋಲ್ಟು ತಾಮ್ರವನ್ನು ಒತ್ತಿ ಹಿಡಿದಿದೆ. ಅದರ ಮೈ ರಬ್ಬರನ್ನು ತೂರಿ ಹೋಗಿ ಚಾಸಿಯ ಒಳಗಿದೆ.

"ಬೋಲ್ಟ್!" ಕೂಗಿದ ರಭಸಕ್ಕೆ ಹಣೆ ಚಾಸಿಗೆ ಬಡಿಯಿತು. "ಅವ್ವಾ, ಬೋಲ್ಟ್ ಎರಡೂ ಕಡೆ ಹತ್ತೇತಿ! ಅದಕ್ಕೂ ಅಂಗಿ ಹಾಕಬೇಕು!"

ಅವ್ವ ಒಂದು ಕ್ಷಣ ಯೋಚಿಸಿದಳು. ಒಳಗೆ ಹೋಗಿ ಸೈಕಲ್ ಚಕ್ರದ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ನಳಿಗೆ ತಂದಳು. ಬೋಲ್ಟಿಗೆ ಅದು ಗಿಡ್ಡ ಅಂಗಿಯಂತೆ ಬಿಗಿಯಾಗಿ ಕುಳಿತಿತು. ಇಜಾಜ ಕಾಕಾ ತಗಡಿನ, ಚಾಸಿಯ ತೂತುಗಳನ್ನು ನಳಿಗೆ ಹಿಡಿಸುವಷ್ಟು ದೊಡ್ಡದು ಮಾಡಿ, ಕಂಡ ಕಬ್ಬಿಣಕ್ಕೆ ಮತ್ತೆ ಬಣ್ಣ ಹಚ್ಚಿದ. ಬೋಲ್ಟಿನ ತಲೆಯ ಕೆಳಗೆ ಹಾಕಲು ಅವ್ವ ಟ್ಯೂಬಿನಲ್ಲಿ ನಾಲ್ಕು ವಾಷರ್ ಕತ್ತರಿಸಿದಳು. ಮೊದಲಿನ ರಬ್ಬರಿನ ತೂತುಗಳು ಎಳೆದಾಡಿ ಹರಿದಿದ್ದವು. ಅವ್ವ ಹೊಸ ತುಂಡು ಕತ್ತರಿಸಿಕೊಂಡು ಅಡುಗೆಮನೆಗೆ ಹೋದಳು.

"ದಬ್ಬಣ ಕಾಸಿ ತೂತ ಹಾಕ್ತೇನಿ. ಹರಿಯೂದಿಲ್ಲ," ಅಂದಳು. ಹೋದವಳು ನಾಲ್ಕು ತೂತಿಗೆ ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ಸುಟ್ಟ ರಬ್ಬರಿನ ವಾಸನೆ ಶೆಡ್ಡಿನವರೆಗೂ ಬಂತು.

ತಿರುಗಿ ಬಂದು ರಬ್ಬರನ್ನು ಸಾಕ್ಷಿಯ ಕೈಯಲ್ಲಿಟ್ಟಳು. "ಈ ಕಡೆ ತಗಡಿಗಿ ಬರ್ಲಿ," ಅಂದಳು. ಅಷ್ಟೇ.

ಬಣ್ಣ ಒಣಗುವವರೆಗೆ ಕಾದು ಸಾಕ್ಷಿ ಕೆಳಗೆ ನುಸುಳಿದಳು. ರಬ್ಬರನ್ನು ಚಾಸಿಗೆ ಹಚ್ಚಿ ತೂತಿಗೆ ತೂತು ಸರಿಮಾಡುವಾಗ ಟಾರ್ಚಿನ ಬೆಳಕು ಅದರ ಮೇಲೆ ಬಿತ್ತು.

ರಬ್ಬರಿನ ಮೇಲೆ ಚುಕ್ಕಿಗಳಿದ್ದವು. ಕಾಸಿದ ದಬ್ಬಣದಿಂದ ಒತ್ತಿದ, ಆಚೆಗೆ ತೂರದ ಸಣ್ಣ ಚುಕ್ಕಿಗಳು. ಒಂದರ ಪಕ್ಕ ಒಂದು.

ವಿಜಯಲಕ್ಷ್ಮಿ, ಸಿಂದಗಿ.

ಸಿಂದಗಿ ಅವ್ವನ ತವರು. ಅವ್ವನೂ ಅಲ್ಲಿಂದ ಒಂದು ಬಿಂದಿಗೆ ತಂದಿದ್ದಳೇನೋ. ಸಾಕ್ಷಿ ಯಾವತ್ತೂ ಕೇಳಿರಲಿಲ್ಲ.

"ಸರಿ ಕುಂತಿತೇನ?" ಹೊರಗಿನಿಂದ ಅವ್ವನ ದನಿ.

ಸಾಕ್ಷಿ ಆ ಹೆಸರನ್ನು ಇನ್ನೊಮ್ಮೆ ಓದಿದಳು. ಅದರ ಮೇಲೆ ಆಯಿಯ ತಗಡನ್ನು ಮೆಲ್ಲಗೆ ಇಟ್ಟಳು.

"ಕುಂತಿತವ್ವಾ," ಅಂದಳು.

ಬೋಲ್ಟು ಬಿಗಿದು, ಗ್ರೀಸ್ ಸವರಿ, ಎರಡು ತಂತಿ ಹಿಡಿದಳು. ಬಲ್ಬು ಹತ್ತಲಿಲ್ಲ. ತಂತಿ ಸಡಿಲವಿರಬಹುದೆಂದು ಇನ್ನೂ ಒತ್ತಿ ಹಿಡಿದಳು. ಹತ್ತಲಿಲ್ಲ. ಬಲ್ಬೇ ಹೋಗಿರಬಹುದೆಂದು ಎರಡೂ ತಂತಿಯನ್ನು ಚಾಸಿಗೇ ಹಿಡಿದಳು. ಥಟ್ಟನೆ ಹತ್ತಿತು. ಒಂದನ್ನು ತಾಮ್ರಕ್ಕೆ ಹಿಡಿದರೆ ಕತ್ತಲು.

"ಹತ್ತವಲ್ದು! ಅಪ್ಪಾ, ಹತ್ತವಲ್ದು!"

ಅಪ್ಪ ಚಪ್ಪಾಳೆ ತಟ್ಟಿದ. ಇಜಾಜ ಕಾಕಾ ಸೀಟಿ ಹೊಡೆದ. ಗದ್ದಲ ಕೇಳಿ ಆಯಿ ಮೊಣಕಾಲು ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು.

"ಏನಾತ್ರೆಪಾ? ದೀಪ ಹತ್ತಿದ್ರ ಕುಣಿಯೂ ಮಂದಿ ನೋಡೇನಿ. ಹತ್ತಲಿಲ್ಲಂತ ಕುಣಿಯಾಕತ್ತೀರಿ?"

ಸಾಕ್ಷಿ ತೆವಳಿಕೊಂಡು ಹೊರಗೆ ಬಂದು, ಗ್ರೀಸ್ ಹತ್ತಿದ ಕೈಯಿಂದಲೇ ಆಯಿಯ ಕೈ ಹಿಡಿದಳು. "ಆಯಿ, ಟೆಸ್ಟ್ ಮಾಡೇನಿ. ನಡುವ ರಬ್ಬರ ಹಾಕೇವಿ. ನಿನ್ನ ತಗಡ ಇನ್ನ ತಿನ್ನೂದಿಲ್ಲ. ತಿಕ್ಕೂದು ಅಷ್ಟ ಬಿಚ್ಚಿ ತಂದು ಬಚ್ಚಲದಾಗ ತಿಕ್ಕತೇನಿ."

ಆಯಿ ಮಗನ ಮುಖ ನೋಡಿದಳು. ಅಪ್ಪ ತಲೆ ಕೆರೆದುಕೊಂಡ. "ಮೋಡ್ಕಾ ಅಂದಿದ್ದು ನನ್ನ ಬಾಯಿಬಡಕತನ, ಬೇ. ಗಾಡೀನ ನಿಂದು. ಏರ ಇನ್ನ."

ಆಯಿ ಮನೆಯೊಳಗೆ ನಡೆದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಅವಳ ದನಿ ಕೇಳಿತು: "ವಿಜಯವ್ವಾ, ಆ ಶೇಂಗಾ ಎಲ್ಲಿ ಇಟ್ಟೀದಿ? ಉಂಡಿ ಕಟ್ಟೂದೈತಿ."

*

ಪಂಚಮಿಯ ದಿನ ಜೀಪು ಮಸೂತಿಯ ಓಣಿಗೆ ತಿರುಗಿದಾಗ ಬೇವಿನ ಗಿಡದ ಜೋಕಾಲಿ ಬಿಟ್ಟು ಹೆಣ್ಣುಮಕ್ಕಳೆಲ್ಲ ಓಡಿ ಬಂದರು. ಆಯಿ ಮುಂದಿನ ಸೀಟಿನಲ್ಲಿ, ಅವ್ವ ಹೊಲಿದ ಹೊಸ ಕವರಿನ ಮೇಲೆ, ಮದುವಣಗಿತ್ತಿಯಂತೆ ನೆಟ್ಟಗೆ ಕುಳಿತಿದ್ದಳು. ತೊಡೆಯ ಮೇಲೆ ಉಂಡಿಯ ಡಬ್ಬಿ.

"ಗುರವ್ವ ಅದs ಗಾಡ್ಯಾಗ ಬಂದಾಳ ನೋಡ್ರೆ!"

ಚಹಾ ಕುಡಿದ ಮೇಲೆ ಆಯಿಗೆ ತಡೆಯಲಾಗಲಿಲ್ಲ. "ಬಗ್ಗಿ ನೋಡ್ರೆ, ಕೆಳಗ ನನ್ನ ಹೆಸರ ಐತಿ," ಎಂದು ಅಣ್ಣನ ಹೆಂಡತಿಯನ್ನು, ಸೊಸೆಯಂದಿರನ್ನು ಎಲ್ಲ ಜೀಪಿನ ಸುತ್ತ ಬಗ್ಗಿಸಿದಳು. ಸಾಕ್ಷಿ ಟಾರ್ಚ್ ಹಿಡಿದು ತೋರಿಸಿದಳು. "ಹೌದಲ್ಲ! ಮಸೂತಿ ಅಂತಾನೂ ಐತಿ!" ಅಂದರು. ಇಷ್ಟು ವರ್ಷ ಗುಟ್ಟಾಗಿದ್ದ ಹೆಸರನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಓದಿದರು. ಪ್ರತಿ ಸಲ ಓದಿದಾಗಲೂ ಆಯಿ ನಕ್ಕಳು.

ಅವರಲ್ಲಿ ಒಬ್ಬಳು ಕಂಬಕ್ಕೆ ಒರಗಿ ನಿಂತಿದ್ದ ಅವ್ವನಿಗೆ ಕೇಳಿದಳು: "ಅತ್ತೀದೇನೋ ಆತು. ಸೊಸೀದು ಎಲ್ಲೈತ್ರಿ ಹೆಸರ?"

ಅವ್ವ ನಕ್ಕುಬಿಟ್ಟಳು. "ನಂದ್ಯಾಕ ಬೇಕ್ರಿ."

ಸಾಕ್ಷಿಯ ಬಾಯಿ ತೆರೆಯಿತು. ಅಂದು ಊಟಕ್ಕೆ ಕುಳಿತಾಗ ತಗಡಿನ ಸಂಗತಿ ಹೇಳಿಬಿಟ್ಟಿದ್ದಳಲ್ಲ, ಹಾಗೆ ಈಗಲೂ ನಾಲಿಗೆಯ ತುದಿಯಲ್ಲಿ ಬಂದಿತ್ತು. ಅವಳು ಅವ್ವನ ಮುಖ ನೋಡಿದಳು. ಅವ್ವ ಜೀಪನ್ನು ನೋಡುತ್ತಿದ್ದಳು, ತನ್ನ ಗೂಡಿನಲ್ಲಿ ಏನನ್ನೋ ಜೋಪಾನವಾಗಿ ಇಟ್ಟು ಬಂದವಳಂತೆ.

ಸಾಕ್ಷಿ ಬಾಯಿ ಮುಚ್ಚಿದಳು. ಟಾರ್ಚ್ ಆರಿಸಿದಳು.

ಬರುವ ಅಮಾವಾಸ್ಯೆಗೆ ತಗಡು ಬಿಚ್ಚಬೇಕು. ಅದರ ಮುಂದಿನ ಅಮಾವಾಸ್ಯೆಗೂ. ತಾನು ಎತ್ತರವಾದ ಮೇಲೆ, ಆ ಸಂದಿಯಲ್ಲಿ ಹಿಡಿಸುವುದು ಕಷ್ಟವಾದ ಮೇಲೆ, ಜಾಕ್ ಹಚ್ಚಿಯಾದರೂ ಸರಿ, ಆ ಕೆಲಸವನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ ಎಂದು ಅವಳು ನಿಶ್ಚಯಿಸಿಕೊಂಡಳು.

"ಏನ್ ನಿಂತಿ ಹಂಗ? ಜೋಕಾಲಿ ಆಡಾಕ ಬಾರಬೇ!" ಯಾರೋ ಹುಡುಗಿ ಕರೆದಳು.

"ಬಂದ್ನಿ," ಎನ್ನುತ್ತ ಸಾಕ್ಷಿ ಬೇವಿನ ಗಿಡದ ಕಡೆ ಓಡಿದಳು.